ಧರ್ಮಗ್ರಂಥದಲ್ಲಿ ಕಡಿ, ಕೊಲ್ಲು ಅಂತ ಬಂದರೆ ಹೇಗೆ ಓದಬೇಕು?

ಹೋದ ವರ್ಷ ಬೇಸಿಗೆಯಲ್ಲಿ ನಾನೊಂದು ತಪ್ಪು ಮಾಡಿದೆ. ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಯಾರೋ ಕುರ್‌ಆನಿನ ಒಂದು ಸಾಲಿನ ಫೋಟೊ ಹಾಕಿದ್ದರು. ಬಹುದೇವರನ್ನು ಪೂಜಿಸುವವರನ್ನು ಕಂಡಲ್ಲಿ ಕೊಲ್ಲಿ ಅನ್ನುವ ಸಾಲು. ಓದಿ ಎದೆ ಧಸಕ್ ಅಂತು. ಹಿಂದೆಮುಂದೆ ನೋಡದೆ ಇನ್ನೆರಡು ಗುಂಪಿಗೆ ಕಳಿಸಿಬಿಟ್ಟೆ. ಅದರಲ್ಲಿ ಒಂದು ನಮ್ಮ ಓಣಿಯ ಗುಂಪು. ಅಲ್ಲಿ ನಮ್ಮ ಟೇಲರ್ ಚಾಚಾ ಕೂಡ ಇದ್ದಾರೆ ಅನ್ನೋದು ನನಗೆ ಆಗ ನೆನಪಾಗಲೇ ಇಲ್ಲ. ನನ್ನ ಮಗಳು ಮೊದಲ ಸಲ ಶಾಲೆಗೆ ಹೋದಾಗ ಹಾಕಿಕೊಂಡ ಅಂಗಿ ಹೊಲಿದವರು ಅವರು.

ಎರಡು ದಿನ ಬಿಟ್ಟು ಬ್ಲೌಸ್ ತರಲು ಅಂಗಡಿಗೆ ಹೋದೆ. ಚಾಚಾ ಏನೂ ಅನ್ನಲಿಲ್ಲ. ಬ್ಲೌಸ್ ಕೊಟ್ಟರು, ದುಡ್ಡು ತಗೊಂಡರು. ಆಮೇಲೆ "ಕೂಡು ಬೇಟಿ, ಎರಡು ಮಿನಿಟ್" ಅಂದರು. ಹೊರಗಿನ ಗಡಿಗೆ ನೀರಲ್ಲಿ ಕೈ ತೊಳೆದು, ಒರೆಸಿಕೊಂಡು, ಮೇಲಿನ ಹಲಗೆಯಿಂದ ಹಸಿರು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಪುಸ್ತಕ ಇಳಿಸಿದರು. ಕನ್ನಡ ಅನುವಾದ ಇರುವ ಕುರ್‌ಆನ್. ಒಂಬತ್ತನೇ ಅಧ್ಯಾಯ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟರು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳು.

"ನೀ ಕಳಿಸಿದ್ದು ಇದು, ಐದನೇದು. ಈಗ ನಾಕು ಓದು. ಆಮ್ಯಾಲ ಆರು ಓದು."

ಓದಿದೆ. ನಾಲ್ಕರಲ್ಲಿ, ನಿಮ್ಮ ಜೊತೆ ಮಾಡಿಕೊಂಡ ಒಪ್ಪಂದವನ್ನು ಮುರಿಯದವರ ವಿಷಯದಲ್ಲಿ ನೀವೂ ಅವಧಿ ಮುಗಿಯುವ ತನಕ ಮಾತು ಉಳಿಸಿಕೊಳ್ಳಿ ಅಂತ ಇದೆ. ಆರರಲ್ಲಿ, ಆ ಬಹುದೇವಾರಾಧಕರಲ್ಲೇ ಯಾರಾದರೂ ಆಸರೆ ಕೇಳಿ ಬಂದರೆ ಕೊಡಿ, ದೇವರ ಮಾತು ಕೇಳಲಿ, ಆಮೇಲೆ ಅವರನ್ನು ಸುರಕ್ಷಿತ ಜಾಗಕ್ಕೆ ಮುಟ್ಟಿಸಿ ಅಂತ ಇದೆ. ನನಗೆ ತಲೆ ಎತ್ತಲು ಆಗಲಿಲ್ಲ.

"ಬ್ಯಾಸರ ಆಗಿಲ್ಲ ಅಂತ ಸುಳ್ಳು ಹೇಳಂಗಿಲ್ಲ ಬೇಟಿ. ಒಂದ್ ಮಾತು ಕೇಳಿದ್ರ ಹೇಳ್ತಿದ್ದೆ" ಅಂದರು ಚಾಚಾ.

ಅಲ್ಲಿಂದ ಶುರುವಾದದ್ದು ನಮ್ಮ ಓದು. ತಿಂಗಳಿಗೊಂದು ಭಾನುವಾರ, ಕಲಬುರಗಿಯ ನಮ್ಮ ಮನೆಯಲ್ಲಿ ಐದಾರು ಜನ ಕೂಡುತ್ತೇವೆ. ಚಾಚಾ, ಬೀದರಿನಿಂದ ಇಲ್ಲಿಗೆ ಕೆಲಸಕ್ಕೆ ಬಂದಿರುವ ಒಬ್ಬ ಮೆಥೊಡಿಸ್ಟ್ ಕ್ರೈಸ್ತ ಗೆಳತಿ, ಬುದ್ಧ ವಿಹಾರಕ್ಕೆ ತಪ್ಪದೆ ಹೋಗುವ ಒಬ್ಬ ಮೇಷ್ಟ್ರು, ನಾನು, ನನ್ನ ತಮ್ಮ. ನಾವ್ಯಾರೂ ಪಂಡಿತರಲ್ಲ. ಓದುತ್ತಾ ಓದುತ್ತಾ ಒಂದು ದಾರಿ ಸಿಕ್ಕಿದೆ. ಬೇರೆಯವರಿಗೂ ಬೇಕಾದೀತು ಅಂತ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಮನೆಯ ಕಥೆ ತೆಗೆಯಿರಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಆದರೂ ಇಲ್ಲಿಂದಲೇ ಶುರು ಮಾಡಿ. ಬೇರೆಯವರ ಪುಸ್ತಕದಲ್ಲಿ ರಕ್ತ ಹುಡುಕೋದು ಸುಲಭ, ನಮ್ಮದರಲ್ಲಿ ಅದು ಕಣ್ಣಿಗೇ ಬೀಳೋದಿಲ್ಲ, ಯಾಕಂದರೆ ಅದನ್ನು ನಾವು ಅಜ್ಜಿಯ ತೊಡೆ ಮೇಲೆ ಮಲಗಿ ಕೇಳಿರುತ್ತೇವೆ.

ನಾವು ಲಿಂಗಾಯತರು. ಕಳಬೇಡ ಕೊಲಬೇಡ ಅಂತ ಬಾಯಿಪಾಠ ಮಾಡಿ ಬೆಳೆದವರು. ದಯೆ ಇಲ್ಲದ ಧರ್ಮ ಎಂಥದ್ದು ಅಂತ ಬಸವಣ್ಣ ಕೇಳಿದ್ದು ನಮ್ಮ ಮನೆ ಗೋಡೆ ಮೇಲೆ ಇದೆ. ಹಾಗಾಗಿ "ನಮ್ಮಲ್ಲಿ ಅಂಥದ್ದೇನೂ ಇಲ್ಲ" ಅಂದುಕೊಂಡಿದ್ದೆ. ಆಮೇಲೆ ಏಕಾಂತದ ರಾಮಯ್ಯನ ನೆನಪಾಯಿತು. ಇಲ್ಲೇ ನಮ್ಮ ಆಳಂದದವನು. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಸುಮಾರು 1200ರ ಹೊತ್ತಿನ ಶಾಸನ ಇದೆ, ಅದರಲ್ಲಿ ಅವನ ಕಥೆ ಇದೆ. ಜೈನರ ಜೊತೆ ಪಣ ಕಟ್ಟುತ್ತಾನೆ. ತನ್ನ ತಲೆ ತಾನೇ ಕಡಿದು ಶಿವನಿಗೆ ಕೊಡುತ್ತಾನೆ. ಏಳು ದಿನದ ಮೇಲೆ ತಲೆ ಮತ್ತೆ ಬರುತ್ತದೆ. ಜೈನರು ಮಾತಿಗೆ ತಪ್ಪಿದರು ಅಂತ ಅವರ ಜಿನಮೂರ್ತಿಯನ್ನು ಒಡೆಯುತ್ತಾನೆ. ಬಿಜ್ಜಳ ರಾಜನೇ ಅವನಿಗೆ ಜಯಪತ್ರ ಕೊಡುತ್ತಾನೆ.

ಚಿಕ್ಕವಳಿದ್ದಾಗ ಈ ಕಥೆ ಕೇಳಿ ಮೈ ಝುಮ್ ಅಂದಿತ್ತು. ಇದೇ ಕಥೆಯನ್ನು ಒಂದು ಜೈನರ ಮನೆಯ ಹುಡುಗಿ ಕೇಳಿದರೆ ಅವಳಿಗೆ ಹೇಗನ್ನಿಸಬಹುದು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಸಿರಿಯಾಳ ಸೆಟ್ಟಿಯ ಕಥೆಯೂ ಹಾಗೇ. ಜಂಗಮನಾಗಿ ಬಂದ ಶಿವ ಕೇಳಿದ ಅಂತ ಹೆತ್ತ ಮಗನನ್ನೇ ಕಡಿದು ಅಡುಗೆ ಮಾಡುವ ಕಥೆ. ಕೊನೆಗೆ ಮಗ ಎದ್ದು ಬರುತ್ತಾನೆ, ನಿಜ. ಆದರೆ ಕತ್ತಿ ಎತ್ತಿದ್ದು ಎತ್ತಿದ್ದೇ ಅಲ್ವಾ?

ಇವನ್ನು ನಾವು ಹೇಗೆ ಓದುತ್ತೇವೆ? ನನ್ನ ತಮ್ಮ ಇದೆಲ್ಲ ಭಕ್ತಿ ಎಷ್ಟು ಗಟ್ಟಿ ಅಂತ ತೋರಿಸೋಕೆ ಕಟ್ಟಿದ ಪವಾಡ ಅಂತಾನೆ. ಅಂದಿನ ಪಂಥಗಳ ನಡುವಿನ ಜಿದ್ದು ಇದು ಅಂತ ಇತಿಹಾಸ ಓದಿದವರು ಹೇಳುತ್ತಾರೆ. ನಾನು ಮಾತ್ರ ಎರಡನ್ನೂ ಎದುರುಬದುರು ಇಟ್ಟುಕೊಳ್ಳುತ್ತೇನೆ, ಒಂದು ಕಡೆ ದಯೆಯ ವಚನ, ಒಂದು ಕಡೆ ರಾಮಯ್ಯನ ಕಥೆ, ಮತ್ತು ವಚನವೇ ಕಥೆಗೆ ತೀರ್ಪು ಹೇಳಲಿ ಅಂತ ಬಿಡುತ್ತೇನೆ. ಇದು ನಾನು ಮಾಡಿಕೊಂಡ ಆಯ್ಕೆ. ಗ್ರಂಥ ತಾನಾಗಿ ಬಂದು ಹೀಗೆ ಓದು ಅಂತ ನನಗೆ ಹೇಳಿಲ್ಲ. ನಾನೇ ಇಂಥ ಆಯ್ಕೆ ಮಾಡುತ್ತಿದ್ದೇನೆ ಅಂತ ಗೊತ್ತಾದ ಮೇಲೆ ಚಾಚಾನೂ ತನ್ನ ಪುಸ್ತಕವನ್ನು ಹೀಗೇ ಓದುತ್ತಾರೆ ಅನ್ನೋದು ಅರ್ಥವಾಯಿತು.

ಸಾಲಿನ ಆಚೆ ಈಚೆ ಓದಿ

ಚಾಚಾ ಮಾಡಿಸಿದ್ದು ಇದೇ. ಹತ್ತು ಸಾಲು ಹಿಂದೆ, ಹತ್ತು ಸಾಲು ಮುಂದೆ. ಒಂಬತ್ತನೇ ಅಧ್ಯಾಯದಲ್ಲೇ ಇನ್ನೂ ಮುಂದೆ ಹೋದರೆ 13ನೇ ಸಾಲಿನಲ್ಲಿ ಯಾರ ಬಗ್ಗೆ ಮಾತು ಅನ್ನೋದು ಸಿಗುತ್ತದೆ: ಆಣೆ ಮುರಿದವರು, ಪೈಗಂಬರರನ್ನು ಊರಿಂದ ಹೊರಹಾಕಲು ನೋಡಿದವರು, ಜಗಳ ಮೊದಲು ತೆಗೆದವರು. ಹಾಗೇ ಎರಡನೇ ಅಧ್ಯಾಯದ 191ನ್ನು ಜನ ಕತ್ತರಿಸಿ ಹಾಕುತ್ತಾರೆ. ಅದರ ಮೊದಲಿನ 190ರಲ್ಲಿ, ನಿಮ್ಮ ಮೇಲೆ ಯುದ್ಧಕ್ಕೆ ಬಂದವರ ಜೊತೆ ಯುದ್ಧ ಮಾಡಿ, ಮಿತಿ ಮೀರಬೇಡಿ ಅಂತ ಇದೆ.

ಆದರೆ ಒಂದು ಮಾತು. ಕತ್ತರಿಸುವ ಚಾಳಿ ದ್ವೇಷ ಹರಡುವವರಿಗೆ ಮಾತ್ರ ಇಲ್ಲ, ಒಳ್ಳೆಯ ಮನಸ್ಸಿನವರಿಗೂ ಇದೆ. ಒಬ್ಬನನ್ನು ಕೊಂದರೆ ಇಡೀ ಮನುಕುಲವನ್ನೇ ಕೊಂದ ಹಾಗೆ ಅನ್ನುವ ಸಾಲನ್ನು ಎಲ್ಲರೂ ಹಂಚುತ್ತಾರೆ. ಅದು ಐದನೇ ಅಧ್ಯಾಯದ 32. ಪೂರ್ತಿ ಓದಿದರೆ ಅದು ಇಸ್ರಾಯೀಲರಿಗೆ ಕೊಟ್ಟ ವಿಧಿ ಅಂತ ಶುರುವಾಗುತ್ತದೆ, ಅದರಲ್ಲಿ ವಿನಾಯಿತಿಗಳೂ ಇವೆ, ಮುಂದಿನ 33ರಲ್ಲಿ ಬಹಳ ಕಠಿಣ ಶಿಕ್ಷೆಗಳ ಮಾತಿದೆ. ಚಾಚಾ ಅದನ್ನೂ ಓದಿಸಿದರು. ಮುಚ್ಚಿಡಲಿಲ್ಲ.

ಬೈಬಲಿನಲ್ಲೂ ಹೀಗೇ ಆಯಿತು. 137ನೇ ಕೀರ್ತನೆ ಬಾಬೆಲಿನ ನದಿಗಳ ಬಳಿ ಕೂತು ಅತ್ತೆವು ಅಂತ ಶುರುವಾಗುತ್ತದೆ, ಕೇಳಿದರೆ ಕರುಳು ಚುರ್ ಅನ್ನುತ್ತದೆ. ಅದೇ ಕೀರ್ತನೆ ಮುಗಿಯೋದು, ನಿನ್ನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಅಂತ. ನನ್ನ ಬೀದರಿನ ಗೆಳತಿ ಚಿಕ್ಕಂದಿನಿಂದ ಅದನ್ನು ಹಾಡುತ್ತಾ ಬಂದವಳು. ಕೊನೆಯ ಸಾಲನ್ನು ಜೋರಾಗಿ ಓದಿದ್ದು ನಮ್ಮ ಮನೆಯಲ್ಲೇ ಮೊದಲು. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಳು.

ಇದು ಅಪ್ಪಣೆಯೋ, ಕಥೆಯೋ, ಅಳುವೋ ನೋಡಿ

ಆ ಕೀರ್ತನೆ ಯಾರದ್ದು? ಊರು ಸುಟ್ಟು, ಗುಡಿ ಕೆಡವಿ, ಸೆರೆ ಹಿಡಿದು ದೂರದ ದೇಶಕ್ಕೆ ಒಯ್ದವರ ನಡುವೆ ಬದುಕುತ್ತಿದ್ದ ಜನರದ್ದು. ಬಾಬೆಲಿನ ಸೈನ್ಯ ಜೆರುಸಲೇಮನ್ನು ಹಾಳು ಮಾಡಿದ್ದು ಕ್ರಿ.ಪೂ. 6ನೇ ಶತಮಾನದಲ್ಲಿ. ಅವರು ಹಾಕಿದ ಶಾಪ ಅದು. ಹೀಗೆ ಮಾಡು ಅಂತ ದೇವರು ಅಲ್ಲಿ ಯಾರಿಗೂ ಹೇಳಿಲ್ಲ. "ತಮ್ಮ ಹೊಟ್ಟೆಯೊಳಗಿನ ಸಿಟ್ಟನ್ನು ಬೇರೆಯವರ ಮೇಲೆ ತೀರಿಸಿಕೊಳ್ಳೋ ಬದಲು ದೇವರ ಮುಂದೆ ಸುರಿದರು ಅಂತ ಓದ್ಕೋತೀನಿ" ಅಂದಳು ಗೆಳತಿ.

ಕಥೆಯಲ್ಲಿ ಬಂದದ್ದನ್ನೆಲ್ಲ ಗ್ರಂಥ ಒಪ್ಪಿದೆ ಅಂತ ಅಲ್ಲ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮ ರಾತ್ರಿ ಮಲಗಿದವರನ್ನು ಕೊಲ್ಲುತ್ತಾನೆ. ತಪ್ಪಿಸಿಕೊಂಡು ಓಡುವವರನ್ನು ಬಾಗಿಲಲ್ಲಿ ಕೃಪ, ಕೃತವರ್ಮ ಮುಗಿಸುತ್ತಾರೆ. ಅದರ ಮುಂದಿನದೇ ಸ್ತ್ರೀಪರ್ವ. ಹೆಣದ ರಾಶಿಯ ನಡುವೆ ಹೆಂಗಸರು ತಮ್ಮ ತಮ್ಮ ಗಂಡ, ಮಕ್ಕಳನ್ನು ಹುಡುಕುತ್ತಾ ಅಳುತ್ತಾರೆ, ಗಾಂಧಾರಿ ಕೃಷ್ಣನನ್ನೇ ಶಪಿಸುತ್ತಾಳೆ. ಎರಡನ್ನೂ ಒಂದೇ ಕೂತಲ್ಲಿ ಓದಿ ನೋಡಿ. ಯುದ್ಧದ ಬಗ್ಗೆ ಆ ಗ್ರಂಥ ಏನು ಹೇಳುತ್ತಿದೆ ಅಂತ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಭಗವದ್ಗೀತೆಗೆ ಬಂದರೆ ಹೀಗೆ ಬಿಡಿಸೋಕೆ ಆಗೋದಿಲ್ಲ. ಅಲ್ಲಿ ಕೃಷ್ಣ ನೇರವಾಗಿ ಯುದ್ಧ ಮಾಡು ಅಂತಾನೆ. ಹಾಗಾದರೆ ಅದು ಅಪ್ಪಣೆಯೇ? ಶಂಕರಾಚಾರ್ಯರ ಭಾಷ್ಯದಲ್ಲಿ ಎರಡನೇ ಅಧ್ಯಾಯದ 18ನೇ ಶ್ಲೋಕಕ್ಕೆ ಬರೆದಿದ್ದನ್ನು ಓದಿ ನನಗೆ ಆಶ್ಚರ್ಯವಾಯಿತು. ಇಲ್ಲಿ ಯುದ್ಧ ಮಾಡಬೇಕು ಅಂತ ವಿಧಿಸುತ್ತಿಲ್ಲ, ಅರ್ಜುನ ಮೊದಲೇ ಯುದ್ಧಕ್ಕೆ ಬಂದವನು, ದುಃಖದಿಂದ ನಿಂತುಬಿಟ್ಟಿದ್ದಾನೆ, ಆ ತಡೆ ತೆಗೆಯೋದಷ್ಟೇ ಕೃಷ್ಣನ ಕೆಲಸ ಅಂತ ಅವರ ವಾದ. ಯುದ್ಧ ಮಾಡು ಅನ್ನೋದು ವಿಧಿಯಲ್ಲ, ಬರೀ ಅನುವಾದ, ಅಂದರೆ ಇದ್ದದ್ದನ್ನೇ ಮತ್ತೆ ಹೇಳಿದ್ದು. ಅದೇ ಗೀತೆಯನ್ನು ತಿಲಕರು ಮಂಡಾಲೆ ಜೈಲಿನಲ್ಲಿ ಕೂತು ಕರ್ಮಕ್ಕೆ ಕರೆ ಕೊಡುವ ಗ್ರಂಥ ಅಂತ ಓದಿದರು. ಗಾಂಧೀಜಿ ಕುರುಕ್ಷೇತ್ರ ಇರೋದು ಮನುಷ್ಯನ ಎದೆಯೊಳಗೆ ಅಂತ ಓದಿದರು. ನಮ್ಮ ಮಳಖೇಡದಲ್ಲಿ ವೃಂದಾವನ ಇರುವ ಜಯತೀರ್ಥರು ಗೀತೆಯ ಮಧ್ವಭಾಷ್ಯಕ್ಕೇ ದೊಡ್ಡ ಟೀಕೆ ಬರೆದವರು. ಏಳುನೂರು ಶ್ಲೋಕದ ಸಣ್ಣ ಪುಸ್ತಕಕ್ಕೆ ಇಷ್ಟು ಓದು ಇರುವಾಗ, ಒಂದೇ ಶ್ಲೋಕ ಹಿಡಿದು ಯಾರಾದರೂ ನಿಮ್ಮ ಧರ್ಮವೇ ಇದು ಅಂದರೆ ನಮಗೆ ಎಷ್ಟು ಸಿಟ್ಟು ಬರುತ್ತದೆ!

ನಂಬುವವರು ಅದನ್ನು ಹೇಗೆ ಬಾಳಿದ್ದಾರೆ ಅಂತ ಹುಡುಕಿ

ನನಗೆ ಜಾಸ್ತಿ ಇಷ್ಟವಾದ ಹೆಜ್ಜೆ ಇದು. ಪುಸ್ತಕದಲ್ಲಿರುವ ಒರಟು ಸಾಲನ್ನು ಹರಿದು ಹಾಕೋಕೆ ಆಗೋದಿಲ್ಲ, ಅದು ದೇವರ ಮಾತು. ಹಾಗಂತ ಹಾಗೇ ನಡೆಸೋಕೂ ಮನಸ್ಸು ಒಪ್ಪೋದಿಲ್ಲ. ಈ ಇಕ್ಕಟ್ಟಿನಲ್ಲಿ ಜನ ಏನೇನು ದಾರಿ ಮಾಡಿಕೊಂಡಿದ್ದಾರೆ ನೋಡಿ.

ಯಹೂದಿಗಳ ತೋರಾದಲ್ಲಿ, ನಮ್ಮ ಕನ್ನಡ ಬೈಬಲಿನ ಧರ್ಮೋಪದೇಶಕಾಂಡದ 21ನೇ ಅಧ್ಯಾಯದಲ್ಲಿ, ಅಪ್ಪ ಅಮ್ಮನ ಮಾತು ಕೇಳದ ಮೊಂಡ ಮಗನನ್ನು ಊರವರು ಕಲ್ಲು ಹೊಡೆದು ಕೊಲ್ಲಬೇಕು ಅಂತ ಇದೆ. ಅವರ ಧರ್ಮಗುರುಗಳಾದ ರಬ್ಬಿಗಳು ಆ ಸಾಲನ್ನು ಮುಟ್ಟಲಿಲ್ಲ. ಬದಲಿಗೆ ಷರತ್ತಿನ ಮೇಲೆ ಷರತ್ತು ಹಾಕಿದರು. ಹುಡುಗನ ವಯಸ್ಸು ಇಷ್ಟೇ ತಿಂಗಳು ಇರಬೇಕು, ಇಷ್ಟೇ ಮಾಂಸ ತಿಂದಿರಬೇಕು, ಅಪ್ಪ ಅಮ್ಮ ಇಬ್ಬರ ದನಿಯೂ ಒಂದೇ ಥರ ಇರಬೇಕು. ಕೊನೆಗೆ ಆ ರಬ್ಬಿಗಳ ಚರ್ಚೆಗಳ ಗ್ರಂಥವಾದ ತಾಲ್ಮುದಿನಲ್ಲಿ ಒಂದು ಮಾತು ಬರುತ್ತದೆ: ಅಂಥ ಮಗ ಎಂದೂ ಇರಲಿಲ್ಲ, ಮುಂದೆಯೂ ಇರೋದಿಲ್ಲ. ಹಾಗಾದರೆ ಬರೆದದ್ದು ಯಾಕೆ? ಓದಿ ಪುಣ್ಯ ಪಡೆಯಲಿ ಅಂತ. ಈ ಭಾಗ ಓದಿದಾಗ ಚಾಚಾ ಖುಷಿಯಿಂದ ತೊಡೆ ತಟ್ಟಿಕೊಂಡರು.

ಜೈನರು ಕಥೆಯನ್ನೇ ತಿದ್ದಿದರು. ನಾಗಚಂದ್ರನ ಕನ್ನಡ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲೋದು ರಾಮ ಅಲ್ಲ, ಲಕ್ಷ್ಮಣ. ಯಾಕಂದರೆ ರಾಮ ಮೋಕ್ಷಕ್ಕೆ ಹೋಗಬೇಕಾದ ಜೀವ, ಅವನ ಕೈಗೆ ರಕ್ತ ಹತ್ತಬಾರದು. ಕೊಂದ ಲಕ್ಷ್ಮಣ ನರಕಕ್ಕೆ ಹೋಗುತ್ತಾನೆ. ಇನ್ನು ಜನ್ನನ ಯಶೋಧರ ಚರಿತೆ, 1209ರದ್ದು, ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ ಜೀವಂತ ಕೋಳಿ ಬೇಡ ಅಂತ ಹಿಟ್ಟಿನ ಕೋಳಿ ಮಾಡಿ ಬಲಿ ಕೊಡುತ್ತಾರೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಕೊಲ್ಲಬೇಕು ಅಂತ ಮನಸ್ಸಿನಲ್ಲಿ ಬಂದರೇ ಕೊಂದ ಹಾಗೆ ಅನ್ನುವ ಓದು ಅದು. ನಾನು ಆ ಸಾಲಿನ ಫೋಟೊ ಗುಂಪಿಗೆ ಕಳಿಸಿದಾಗ ನನ್ನ ಮನಸ್ಸಿನಲ್ಲಿ ಏನಿತ್ತು ಅಂತ ಇದನ್ನು ಓದುತ್ತಾ ಕೇಳಿಕೊಂಡೆ.

ಕ್ಯಾಥೊಲಿಕ್ ಸಭೆಯವರು 1971ರಲ್ಲಿ ದಿನದ ಪ್ರಾರ್ಥನೆಯ ಪುಸ್ತಕ ಹೊಸದಾಗಿ ತಂದಾಗ ಮೂರು ಶಾಪದ ಕೀರ್ತನೆಗಳನ್ನು ಅದರಿಂದ ಕೈಬಿಟ್ಟರು. ಬೈಬಲಿನಲ್ಲಿ ಅವು ಇದ್ದೇ ಇವೆ.

ಸಿಖ್ಖರದ್ದು ಬೇರೆ ದಾರಿ. ಬೀದರಿನವರಿಗೆ ಇದು ದೂರದ ಮಾತಲ್ಲ. ಗುರುನಾನಕ್ ಝೀರಾದ ಸಿಹಿನೀರು ಕುಡಿದು ಬೆಳೆದ ಊರು, 1699ರಲ್ಲಿ ಗುರು ಗೋವಿಂದ ಸಿಂಗರಿಗೆ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬ, ಭಾಯಿ ಸಾಹಿಬ್ ಸಿಂಗ್, ಬೀದರಿನವನು. ಗುರು ಗೋವಿಂದ ಸಿಂಗರು ಔರಂಗಜೇಬನಿಗೆ ಬರೆದ ಜಫರ್‌ನಾಮಾ ಅನ್ನುವ ಪತ್ರದಲ್ಲಿ, ಬೇರೆಲ್ಲ ಉಪಾಯ ಮುಗಿದ ಮೇಲೆ ಕತ್ತಿಗೆ ಕೈ ಹಾಕೋದು ಸರಿ ಅನ್ನುತ್ತಾರೆ. ಅಲ್ಲಿ ಕತ್ತಿಯನ್ನು ಅಲ್ಲಗಳೆಯೋದಿಲ್ಲ, ಉಪಾಯಗಳ ಸರದಿಯಲ್ಲಿ ಕೊನೆಗೆ ನಿಲ್ಲಿಸುತ್ತಾರೆ.

ಸುಲಭದ ಉತ್ತರ ಸಿಕ್ಕರೆ ಇನ್ನೊಂದು ಸಲ ಕೇಳಿ

ಎಲ್ಲ ದಾರಿಗೂ ಒಂದು ತೊಡಕು ಇದ್ದೇ ಇರುತ್ತದೆ. ಅದನ್ನೂ ಮೇಜಿನ ಮೇಲೆ ಇಡಿ.

"ನಿಜವಾದ ಜಿಹಾದ್ ಮನಸ್ಸಿನ ಜೊತೆಗಿನ ಹೋರಾಟ" ಅನ್ನೋದು ಸೂಫಿಗಳಿಗೆ ಬಹಳ ಪ್ರೀತಿಯ ಮಾತು. ಬಂದೇ ನವಾಜರ ದರ್ಗಾದ ಊರಲ್ಲಿ ಬೆಳೆದ ನಮಗೂ ಹತ್ತಿರದ ಮಾತು. ಆದರೆ ದೊಡ್ಡ ಜಿಹಾದ್, ಸಣ್ಣ ಜಿಹಾದ್ ಅಂತ ಪೈಗಂಬರರೇ ಹೇಳಿದ್ದು ಅನ್ನುವ ಹದೀಸನ್ನು ಹದೀಸ್ ಪಂಡಿತರೇ ದುರ್ಬಲ, ಅಂದರೆ ಪೈಗಂಬರರದ್ದೇ ಮಾತು ಅಂತ ನಂಬೋಕೆ ಆಧಾರ ಸಾಲದು, ಅಂತ ಹೇಳಿದ್ದಾರೆ. ಹಾಗೇ, ಹಿಂದಿನ ಕೆಲವು ಪಂಡಿತರು ಒಂಬತ್ತನೇ ಅಧ್ಯಾಯದ ಆ ಐದನೇ ಸಾಲು ಶಾಂತಿಯ ಸಾಲುಗಳನ್ನು ರದ್ದು ಮಾಡಿತು ಅಂದಿದ್ದರು, ಬೇರೆಯವರು ಅದನ್ನು ಒಪ್ಪಲಿಲ್ಲ. ಇದನ್ನು ಚಾಚಾ ತಾವೇ ಹೇಳಿದರು. "ನಾನು ಒಪ್ಪದವರ ಕಡೀಗಿ. ಆದ್ರ ಅವರು ಇದ್ರು ಅನ್ನೋದು ನಿನಗ ಗೊತ್ತಿರಬೇಕು" ಅಂದರು. ಅವತ್ತಿನಿಂದ ಅವರ ಮಾತಿನ ಮೇಲೆ ನನಗೆ ನಂಬಿಕೆ ಇನ್ನೂ ಜಾಸ್ತಿ ಆಯಿತು.

ಬೌದ್ಧ ಮೇಷ್ಟ್ರು ಮೊದಲ ಭಾನುವಾರ "ನಮ್ಮಲ್ಲಿ ಹಿಂಸೆ ಇಲ್ಲ" ಅಂದಿದ್ದರು. ಮೂರನೇ ಸಲ ಬಂದಾಗ ತಾವಾಗಿಯೇ ಮಹಾವಂಶದ ಕಥೆ ತಂದರು. ಶ್ರೀಲಂಕಾದ ಪಾಳಿ ಗ್ರಂಥ. ದುಟ್ಠಗಾಮಣಿ ಅನ್ನುವ ರಾಜ ಯುದ್ಧ ಗೆದ್ದ ಮೇಲೆ ಅಷ್ಟು ದೊಡ್ಡ ಸೈನ್ಯವನ್ನೇ ಕೊಂದೆನಲ್ಲ ಅಂತ ಕೊರಗುತ್ತಾನೆ. ಆಗ ಅರಹಂತರು, ಅಂದರೆ ಮುಕ್ತಿ ಪಡೆದ ಭಿಕ್ಷುಗಳು ಬಂದು, ನೀನು ಕೊಂದದ್ದು ಬರೀ ಒಂದೂವರೆ ಮನುಷ್ಯರನ್ನು, ಉಳಿದವರು ನಂಬಿಕೆ ಇಲ್ಲದವರು, ಪಶುಗಳಿಗೆ ಸಮ ಅಂತ ಸಮಾಧಾನ ಹೇಳುತ್ತಾರೆ. ಬುದ್ಧ, ಧಮ್ಮ, ಸಂಘಕ್ಕೆ ಶರಣು ಅನ್ನುವ ತ್ರಿಶರಣ ಮಾತ್ರ ಸ್ವೀಕರಿಸಿದವನು ಅರ್ಧ, ಪಂಚಶೀಲವನ್ನೂ ಸ್ವೀಕರಿಸಿದವನು ಒಂದು ಅನ್ನುವ ಲೆಕ್ಕದ ವಿವರಣೆಗೆ ಹೋಗುವ ಹೊತ್ತಿಗೆ ಮೇಷ್ಟ್ರ ಧ್ವನಿ ಇಳಿದುಹೋಯಿತು. "ಇದು ಬುದ್ಧನ ಮಾತಲ್ಲ, ಎಷ್ಟೋ ಶತಮಾನದ ಮೇಲೆ ಬರೆದದ್ದು. ಆದರೂ ಬರೆದವರು ನಮ್ಮವರೇ" ಅಂದರು. ಬುದ್ಧ, ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಅಂತ ನೋಡಿದ ಅಂತ ಅಂಬೇಡ್ಕರ್ ವಿವರಿಸಿದ್ದನ್ನೂ ಅವರೇ ಓದಿ ಹೇಳಿದರು. ಅಗತ್ಯ ಅಂತ ಯಾರು ತೀರ್ಮಾನಿಸಬೇಕು ಅನ್ನೋದರ ಮೇಲೆ ಅವತ್ತು ಚಹಾ ಎರಡು ಸಲ ಆಯಿತು.

ಕೆಲವಕ್ಕೆ ಉತ್ತರ ಸಿಗೋದಿಲ್ಲ. ಬೈಬಲಿನ 1 ಸಮುವೇಲ 15ರಲ್ಲಿ, ಇಸ್ರಾಯೇಲರ ಶತ್ರುಗಳಾದ ಅಮಾಲೇಕ್ಯರ ಹೆಂಗಸರು, ಕೂಸುಗಳು, ದನಕರುಗಳನ್ನೂ ಬಿಡಬೇಡ ಅಂತ ದೇವರ ಹೆಸರಲ್ಲೇ ಅಪ್ಪಣೆ ಇದೆ. ಗೆಳತಿ ಹೇಳಿದ್ದು ಇಷ್ಟೇ: "ಶತ್ರುಗಳನ್ನೂ ಪ್ರೀತಿಸಿ ಅಂತ ಯೇಸು ಬೆಟ್ಟದ ಮೇಲೆ ಹೇಳಿದ್ದನ್ನ ಕೈಯಲ್ಲಿ ಹಿಡಿದು ಇದನ್ನ ಓದ್ತೀನಿ. ಆದರೂ ನನಗೆ ಇದು ಬಗೆಹರಿದಿಲ್ಲ." ಹೀಗೆ ಹೇಳೋದಕ್ಕೂ ಜಾಗ ಇರಲಿ. ಯಾರನ್ನೂ ಮೂಲೆಗೆ ಒತ್ತಿ ಉತ್ತರ ಹೊರಡಿಸಬೇಡಿ.

ಕೂಡಿ ಓದೋದು ಹೇಗೆ

ಫೋನಿನಲ್ಲಿ ಬೇಡ. ಎದುರುಬದುರು ಕೂತು ಓದಿ. ಯಾರ ಗ್ರಂಥವೋ ಅವರೇ ತರಲಿ, ಅವರೇ ತೆರೆಯಲಿ. ಕೈ ತೊಳೆದು ಮುಟ್ಟು ಅಂದರೆ ತೊಳೆಯಿರಿ, ನೆಲದ ಮೇಲೆ ಇಡಬೇಡ ಅಂದರೆ ಇಡಬೇಡಿ. ನಮ್ಮ ಮನೆಯಲ್ಲಿ ಇದಕ್ಕೆ ಅಂತ ಎರಡು ಮಣೆ ಇಟ್ಟಿದ್ದೇವೆ. ಒಂದು ದಿನಕ್ಕೆ ಒಂದೇ ಭಾಗ. ಎರಡು ಅನುವಾದ ಇದ್ದರೆ ಎರಡನ್ನೂ ಓದಿ, ಒಂದು ಪದದಲ್ಲೇ ಅರ್ಥ ಬದಲಾಗುತ್ತದೆ.

"ನಿಮ್ಮವರು ಯಾಕೆ ಹೀಗೆ?" ಅಂತ ಕೇಳಬೇಡಿ. ಎದುರಿಗೆ ಕೂತವರು ಜಗತ್ತಿನ ಎಲ್ಲ ಮುಸ್ಲಿಮರಿಗೋ ಎಲ್ಲ ಹಿಂದೂಗಳಿಗೋ ಜವಾಬು ಕೊಡಲು ಬಂದಿಲ್ಲ. "ನೀವು ಇದನ್ನ ಹೇಗೆ ಓದ್ತೀರಿ?" ಅಂತ ಕೇಳಿ. ಈ ಒಂದು ಬದಲಾವಣೆಯಿಂದ ನಮ್ಮ ಅರ್ಧ ಜಗಳ ನಿಂತವು. ಉಳಿದರ್ಧ ನಿಂತಿಲ್ಲ. ಒಂದು ಭಾನುವಾರ ನನ್ನ ತಮ್ಮ ಸಿಟ್ಟಿನಿಂದ ಎದ್ದು ಹೋಗಿದ್ದ, ಮುಂದಿನ ತಿಂಗಳು ಶೇಂಗಾ ಹೋಳಿಗೆ ಕಟ್ಟಿಸಿಕೊಂಡು ತಾನೇ ಬಂದ.

ಗುಂಪಿನಲ್ಲಿ ಅಂಥ ಫೋಟೊ ಬಂದರೆ ನಾನೀಗ ಮಾಡೋದು ಇಷ್ಟೇ. ಅಧ್ಯಾಯ, ಸಾಲಿನ ಸಂಖ್ಯೆ ಕೇಳುತ್ತೇನೆ. ಸಂಖ್ಯೆ ಕೊಟ್ಟರೆ ಅದರ ಹಿಂದಿನ ಮುಂದಿನ ಸಾಲುಗಳನ್ನು ಬರೆದು ಹಾಕುತ್ತೇನೆ. ಕೊಡದಿದ್ದರೆ, ಗೊತ್ತಿಲ್ಲದೆ ಕಳಿಸಬೇಡಿ, ನಾನು ಒಮ್ಮೆ ಕಳಿಸಿ ಒಬ್ಬರ ಮನಸ್ಸು ನೋಯಿಸಿದ್ದೇನೆ ಅಂತ ಬರೆಯುತ್ತೇನೆ.

ಸಾಧ್ಯವಾದರೆ ಒಂದು ಸಲ ಎಲ್ಲರೂ ಸೇರಿ ಸನ್ನತಿಗೆ ಹೋಗಿಬನ್ನಿ. ಚಿತ್ತಾಪುರ ತಾಲ್ಲೂಕು, ಭೀಮಾ ನದಿ ದಂಡೆ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮೇಲ್ಛಾವಣಿ ಕುಸಿದಾಗ, ಮೂರ್ತಿಯ ಪೀಠಕ್ಕೆ ಹಾಕಿದ್ದ ಕಲ್ಲಿನ ಮೇಲೆ ಅಶೋಕನ ಅಕ್ಷರಗಳು ಸಿಕ್ಕವು. ಕಳಿಂಗದಲ್ಲಿ ಬರೆಸಿದ ಎರಡು ವಿಶೇಷ ಶಾಸನಗಳು ಅದರಲ್ಲಿವೆ, ಜೊತೆಗೆ 12ನೇ ಶಾಸನವೂ ಇದೆ. ತನ್ನ ಪಂಥವನ್ನು ಹೊಗಳಿ ಬೇರೆಯವರದ್ದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ಮಾತಿನಲ್ಲಿ ಹಿಡಿತ ಇರಲಿ, ಒಬ್ಬರ ಧರ್ಮವನ್ನು ಒಬ್ಬರು ಕೇಳಲಿ ಅಂತ ಅದರ ಸಾರ. ಯುದ್ಧದಲ್ಲಿ ಲಕ್ಷ ಜನರ ಸಾವು ಕಂಡ ರಾಜ ಬರೆಸಿದ್ದು. ನಾವು ಹೋದ ವರ್ಷ ಚಳಿಗಾಲದಲ್ಲಿ ಹೋಗಿದ್ದೆವು. ಬುತ್ತಿಗೆ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡಿದ್ದೆವು.

ವಾಪಸ್ ಬರುವಾಗ ಜೀಪಿನಲ್ಲಿ ಚಾಚಾ ನನ್ನನ್ನು ಕೇಳಿದರು: "ನಿಮ್ಮ ಭಾರತದಾಗ ಖಾಂಡವ ಅಡವಿ ಸುಡ್ತಾರಲ್ಲ, ಕೃಷ್ಣ ಅರ್ಜುನ ಇಬ್ಬರೂ ನಿಂತು, ಒಳಗಿಂದ ಓಡಿ ಬಂದ ಪ್ರಾಣಿನ ಸೈತ ಬಿಡೂದಿಲ್ಲ. ಅದನ್ನ ನೀ ಹ್ಯಾಂಗ ಓದ್ತೀ ಬೇಟಿ?"

ನಾನು ಹೇಳುವ ಹಾಗೆ ಏನೂ ಹೊಳೆಯಲಿಲ್ಲ. ಮನೆಗೆ ಬಂದು ಆದಿಪರ್ವ ತೆಗೆದೆ. ಆ ಬೆಂಕಿಯಲ್ಲಿ ಉಳಿದದ್ದು ಕೆಲವೇ ಜೀವಗಳು, ಅದರಲ್ಲಿ ನಾಲ್ಕು ಹಕ್ಕಿಮರಿಗಳು. ಅವುಗಳ ತಾಯಿ ಬೆಂಕಿ ಹತ್ತಿರ ಬರುವಾಗ ಯಾವ ಮರಿಯನ್ನು ಎತ್ತಿಕೊಳ್ಳಲಿ ಅಂತ ಅಳುವ ಭಾಗ ಇದೆ, ಉದ್ದಕ್ಕೆ. ಬರುವ ಭಾನುವಾರ ಅದನ್ನೇ ಓದುತ್ತಿದ್ದೇವೆ.